ಬಾಣಗಳೆಲ್ಲ ಯಾಕೆ ಮಲಗಿವೆ?

ವಾತಾವರಣವನ್ನು ನೆಲದಿಂದ ಮೇಲಕ್ಕೆ ಸೀಳಿದಂತೆ ತೋರಿಸುವ ಚಿತ್ರದಲ್ಲಿ, ಅಂದರೆ ವರ್ಟಿಕಲ್ ಕ್ರಾಸ್ ಸೆಕ್ಷನ್‌ನಲ್ಲಿ ಗಾಳಿಯ ಬಾಣಗಳೆಲ್ಲ ಅಡ್ಡಡ್ಡ ಮಲಗಿವೆ, ಕೋಡ್ ತಪ್ಪಾ ಅಂತ ಕೇಳಿದ್ದೀರಿ. ಕೋಡ್ ತಪ್ಪಿರಲಿಕ್ಕಿಲ್ಲ. ದೊಡ್ಡ ಹವಾಮಾನ ವ್ಯವಸ್ಥೆಗಳಲ್ಲಿ ಅಡ್ಡ ಗಾಳಿ ಸೆಕೆಂಡಿಗೆ 10 ಮೀಟರ್ ಇದ್ದರೆ, ಮೇಲೇರುವ ಗಾಳಿ ಕೆಲವೇ ಸೆಂಟಿಮೀಟರ್. ಹಾಗೇ ಹಾಕಿದರೆ ಬಾಣ ಏಳುವುದೇ ಇಲ್ಲ.

ಚಿತ್ರದ ಅಳತೆ ನೋಡಿ. 1000 ಕಿ.ಮೀ. ಅಗಲ, 10 ಕಿ.ಮೀ. ಎತ್ತರದ ಭಾಗವನ್ನು 20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರಕ್ಕೆ ಬಿಡಿಸಿದ್ದೀರಿ ಅಂದುಕೊಳ್ಳಿ. ಚಿತ್ರದ 1 ಸೆಂ.ಮೀ. ಅಡ್ಡಕ್ಕೆ 50 ಕಿ.ಮೀ., ಮೇಲಕ್ಕೆ 1 ಕಿ.ಮೀ. ಅಂದರೆ ಎತ್ತರ 50 ಪಟ್ಟು ಹಿಗ್ಗಿದೆ, ಅಲ್ವಾ? ಲಂಬ ವೇಗವನ್ನೂ 50ರಿಂದಲೇ ಗುಣಿಸಿ. ಆಗ ಬಾಣದ ಓರೆ ಚಿತ್ರಕ್ಕೆ ಹೊಂದುತ್ತದೆ. ಚೆಂದ ಕಾಣಲಿ ಅಂತ ಸುಮ್ನೆ 500 ಹಾಕಬೇಡಿ, ನೋಡುವವರು ದಾರಿ ತಪ್ಪುತ್ತಾರೆ. ಎಷ್ಟು ಪಟ್ಟು ಅಂತ ಚಿತ್ರದ ಕೆಳಗೆ ಬರೆದೇ ಬರೆಯಿರಿ.

ನಿಮ್ಮ ಡೇಟಾದಲ್ಲಿ ಲಂಬ ವೇಗದ ಬದಲು ಒಮೆಗಾ (ಏರಿಳಿಯುವ ಗಾಳಿಯ ಒತ್ತಡ ಬದಲಾಗುವ ವೇಗ) ಇದ್ದರೆ ಹುಷಾರು. ಅದರ ಅಳತೆ ಸೆಕೆಂಡಿಗೆ ಪಾಸ್ಕಲ್, ಮೈನಸ್ ಅಂದರೆ ಮೇಲಕ್ಕೆ. ಗಾಳಿಯ ಸಾಂದ್ರತೆ ಮತ್ತು ಗುರುತ್ವ ಎರಡರಿಂದಲೂ ಭಾಗಿಸಿ, ಚಿಹ್ನೆ ತಿರುಗಿಸಿ. 700 ಹೆಕ್ಟೋಪಾಸ್ಕಲ್ ಒತ್ತಡದ (ಸುಮಾರು 3 ಕಿ.ಮೀ. ಎತ್ತರದ) ಹತ್ತಿರ ಒಮೆಗಾ ಮೈನಸ್ 0.1 ಅಂದರೆ ಸೆಕೆಂಡಿಗೆ ಸುಮಾರು 1 ಸೆಂ.ಮೀ. ಮೇಲಕ್ಕೆ.

ಸೆಕ್ಷನ್ ಗೆರೆ, ಅಂದರೆ ನಕ್ಷೆಯಲ್ಲಿ ನೀವು ಸೀಳಿದ ಗೆರೆ, ಓರೆಯಾಗಿದ್ದರೆ ಪೂರ್ವ-ಪಶ್ಚಿಮ ಗಾಳಿ ಒಂದೇ ಸಾಲದು. ಉತ್ತರ-ದಕ್ಷಿಣದ್ದನ್ನೂ ಸೇರಿಸಿ ಗೆರೆಯ ದಿಕ್ಕಿಗೆ ಪ್ರೊಜೆಕ್ಟ್ ಮಾಡಿ, ಅಂದರೆ ಆ ಗೆರೆಯ ಉದ್ದಕ್ಕೆ ಬೀಸುವ ಭಾಗವನ್ನಷ್ಟೇ ತೆಗೆದುಕೊಳ್ಳಿ.