ಪಂಚಮಿ ಉಂಡೆ ಕಲ್ಲಾದರೆ?

ಪ್ರಶ್ನೆ: ನಾಗರಪಂಚಮಿಗೆ ಈ ಸಲ ಮಕ್ಕಳ ಕೈಲೇ ಶೇಂಗಾ ಉಂಡೆ ಕಟ್ಟಿಸುವ ಆಸೆ. ಹೋದ ವರ್ಷ ಉಂಡೆ ಕಲ್ಲಾಗಿತ್ತು. ಏನು ತಪ್ಪಾಗಿದೆ?
– ಓದುಗರು, ದಾವಣಗೆರೆ

ಉತ್ತರ: ಪಾಕ ಹದ ಮೀರಿದೆ. ಹುರಿದು ಸಿಪ್ಪೆ ತೆಗೆದ ಶೇಂಗಾ 2 ಲೋಟ, ಪುಡಿ ಬೆಲ್ಲ 1 ಲೋಟ, ನೀರು ಕಾಲು ಲೋಟ. ಬೆಲ್ಲ ಕರಗಿಸಿ ಸೋಸಿ, ಸಣ್ಣ ಉರಿಯಲ್ಲಿ ಕುದಿಸುತ್ತಾ ಆಗಾಗ ಒಂದು ಹನಿ ತಣ್ಣೀರಿಗೆ ಬಿಡಿ. ಬೆರಳಲ್ಲಿ ಮೆತ್ತನೆ ಉಂಡೆಯಾದ ಕೂಡಲೇ ಇಳಿಸಿ, ಶೇಂಗಾ ಬೆರೆಸಿ ಉಂಡೆ ಕಟ್ಟಿ. ಆ ಹನಿ ಗಟ್ಟಿಯಾಗಿ, ತಟ್ಟೆಗೆ ಹಾಕಿದಾಗ ಟಣ್ಣೆಂದರೆ ಅದು ಚಿಕ್ಕಿ ಪಾಕ.

ಆದರೆ ಬಿಸಿ ಪಾಕ ಮಕ್ಕಳ ಕೈಗೆ ಬೇಡವೇ ಬೇಡ, ಸುಟ್ಟರೆ ಅಂಟಿಕೊಳ್ಳುತ್ತದೆ. ಅವರಿಗೆ ಅಷ್ಟೇ ಶೇಂಗಾ, ಮುಕ್ಕಾಲು ಲೋಟ ಬೆಲ್ಲ, ಏಲಕ್ಕಿ ಸೇರಿಸಿ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಕೊಡಿ. ಶೇಂಗಾ ಎಣ್ಣೆ ಬಿಟ್ಟು ತಾನೇ ಅಂಟುತ್ತದೆ. ಹೆಡೆ, ಹುತ್ತ, ಏನು ಬೇಕಾದರೂ ಮಾಡಲಿ!