ಓದುಗರ ಪ್ರಶ್ನೆ: ನೂರೆಪ್ಪತ್ತು ವರ್ಷ ಕಾದ ಹಾಡು

ಪ್ರಶ್ನೆ: ಇಟಲಿಯ ಬಾವುಟದಲ್ಲಿರುವುದು ಹಸಿರು, ಬಿಳಿ, ಕೆಂಪು. ಫುಟ್‌ಬಾಲ್ ತಂಡ ಮಾತ್ರ ನೀಲಿ ಅಂಗಿ ತೊಡುತ್ತದೆ. ಯಾಕೆ?
– ಕಾಲೇಜು ವಿದ್ಯಾರ್ಥಿ, ಹಾಸನ

ಆ ನೀಲಿ ರಾಜಮನೆತನದ್ದು. ಟ್ಯೂರಿನ್‌ನಿಂದ ಆಳುತ್ತಿದ್ದ ಸವಾಯ್ ವಂಶದ ಬಣ್ಣ ಅದು. 1910ರ ಮೊದಲ ಪಂದ್ಯವನ್ನು ತಂಡ ಬಿಳಿ ಅಂಗಿಯಲ್ಲೇ ಆಡಿತು. ಮರುವರ್ಷ ಹಂಗೆರಿಯ ಎದುರು ನೀಲಿ ಬಂತು. 1946ರ ಜೂನ್ 2ರಂದು ರಾಜ ಬೇಕೋ ಬೇಡವೋ ಎಂದು ಜನರನ್ನೇ ಕೇಳಿದರು. ಗಣರಾಜ್ಯಕ್ಕೆ 1 ಕೋಟಿ 27 ಲಕ್ಷ ಮತ, ಅರಸೊತ್ತಿಗೆಗೆ 1 ಕೋಟಿ 7 ಲಕ್ಷ. ರಾಜ ದೇಶ ಬಿಟ್ಟ. ಬಾವುಟದ ನಡುವಿದ್ದ ಅವನ ವಂಶದ ಗುರಾಣಿಯನ್ನೂ ತೆಗೆದರು. ಅಂಗಿಯ ಬಣ್ಣ ಹಾಗೇ ಉಳಿಯಿತು.

ಪ್ರಶ್ನೆ: ಒಂದಾದ ಇಟಲಿಯ ಮೊದಲ ರಾಜನಿಗೆ ‘ಎರಡನೆಯ’ ವಿಕ್ಟರ್ ಇಮ್ಯಾನುಯೆಲ್ ಎಂದೇಕೆ ಹೆಸರು?
– ಗೃಹಿಣಿ, ಶಿರಸಿ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದರೂ ನನ್ನ ತರಗತಿಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವನು ಸವಾಯ್ ವಂಶ ಟ್ಯೂರಿನ್‌ನಿಂದ ಆಳುತ್ತಿದ್ದ ಸಾರ್ಡೀನಿಯಾ ರಾಜ್ಯದ ಎರಡನೆಯ ವಿಕ್ಟರ್ ಇಮ್ಯಾನುಯೆಲ್. 1861ರ ಮಾರ್ಚ್ 17ರಂದು ಇಟಲಿಯ ರಾಜನಾದಾಗಲೂ ಎಣಿಕೆಯನ್ನು ಒಂದರಿಂದ ಶುರು ಮಾಡಲಿಲ್ಲ. ಅಂದರೆ ಹೊಸ ದೇಶ ಹುಟ್ಟಿತು ಎನ್ನುವುದಕ್ಕಿಂತ ಹಳೆಯ ರಾಜ್ಯವೇ ಅಗಲವಾಯಿತು ಎಂದಂತಾಯಿತು. ಸಂವಿಧಾನವೂ ಅವನ ತಂದೆ 1848ರಲ್ಲಿ ಕೊಟ್ಟದ್ದೇ.

ದಕ್ಷಿಣವನ್ನು ಗೆದ್ದು ಈ ರಾಜನ ಕೈಗಿತ್ತವನು ಗ್ಯಾರಿಬಾಲ್ಡಿ. 1860ರ ಮೇ ತಿಂಗಳಲ್ಲಿ ಸಾವಿರ ಚಿಲ್ಲರೆ ಜನರೊಂದಿಗೆ ಜಿನೋವಾ ಬಳಿಯ ಕ್ವಾರ್ಟೊದಲ್ಲಿ ಹಡಗು ಹತ್ತಿ ಸಿಸಿಲಿಯ ಮಾರ್ಸಾಲಾದಲ್ಲಿ ಇಳಿದ. ಚಳಿಗಾಲ ಬರುವ ಹೊತ್ತಿಗೆ ಎಲ್ಲವನ್ನೂ ಒಪ್ಪಿಸಿ ಕಪ್ರೇರಾ ದ್ವೀಪದ ತನ್ನ ಹೊಲಕ್ಕೆ ಮರಳಿದ. ರೋಮಿನಲ್ಲಿ ಆಗಿನ್ನೂ ಪೋಪರ ಆಡಳಿತ; ಅದು ಇಟಲಿಗೆ ಸೇರಿದ್ದು 1870ರ ಸೆಪ್ಟೆಂಬರ್ 20ಕ್ಕೆ.

ಪ್ರಶ್ನೆ: ಇಟಲಿಯ ರಾಷ್ಟ್ರಗೀತೆ ಬರೆದ ಕವಿ ಯಾರು? ಅವರ ಬಗ್ಗೆ ತಿಳಿಸಿ.
– ಸಂಗೀತ ಶಿಕ್ಷಕಿ, ಧಾರವಾಡ

ಕವಿ ಎನ್ನುವುದಕ್ಕಿಂತ ಹುಡುಗ ಎನ್ನಬೇಕು. ಜಿನೋವಾದ ಗೊಫ್ರೆದೊ ಮಮೇಲಿ. 1847ರ ಶರತ್ಕಾಲದಲ್ಲಿ ‘ಇಟಲಿಯ ಸೋದರರೇ’ ಎಂದು ಶುರುವಾಗುವ ಈ ಹಾಡು ಬರೆದಾಗ ಅವನಿಗೆ ಇಪ್ಪತ್ತು ವರ್ಷ. ಹಾಳೆ ಆಗ ಟ್ಯೂರಿನ್‌ನಲ್ಲಿದ್ದ, ಜಿನೋವಾದವನೇ ಆದ ಸಂಗೀತಗಾರ ಮಿಕೇಲೆ ನೊವಾರೊ ಕೈಸೇರಿತು. ಸ್ನೇಹಿತರ ಮನೆಯಲ್ಲೇ ವಾದ್ಯದ ಮುಂದೆ ಕೂತು ಏನೇನೋ ನುಡಿಸಿ ನೋಡಿದ, ಸಮಾಧಾನವಾಗಲಿಲ್ಲ. ಮನೆಗೆ ಓಡಿ ಮತ್ತೆ ಕೂತ. ಆ ಗಡಿಬಿಡಿಯಲ್ಲಿ ದೀಪ ಉರುಳಿ ಎಣ್ಣೆಯೆಲ್ಲ ಹಾಳೆಯ ಮೇಲೆ ಚೆಲ್ಲಿತಂತೆ. ರಾಗ ಹುಟ್ಟಿದ್ದು ಹೀಗೆ ಎಂದು ನೊವಾರೊನೇ ಮುಂದೆ ಹೇಳಿಕೊಂಡಿದ್ದಾನೆ.

1849ರಲ್ಲಿ ರೋಮಿನಲ್ಲಿ ಗಣರಾಜ್ಯ ಘೋಷಣೆಯಾಯಿತು. ಪೋಪರ ಪರವಾಗಿ ಫ್ರೆಂಚ್ ಸೈನ್ಯ ಮುತ್ತಿಗೆ ಹಾಕಿತು. ಜೂನ್ 3ರ ಕಾಳಗದಲ್ಲಿ ಮಮೇಲಿಯ ಎಡಗಾಲಿಗೆ ಗಾಯವಾಯಿತು. ಗಾಯ ಕೊಳೆಯಿತು, ಕಾಲು ಕತ್ತರಿಸಿದರು, ಜುಲೈ 6ರಂದು ತೀರಿಕೊಂಡ. ಇಪ್ಪತ್ತೆರಡು ತುಂಬಲು ಎರಡು ತಿಂಗಳು ಬಾಕಿಯಿತ್ತು.

ಮಗಳು ಅಲ್ಲಿ ಓದುತ್ತಿದ್ದಾಗ ಅವಳ ಜೊತೆ ರೋಮಿನ ಜನಿಕುಲಮ್ ಗುಡ್ಡ ಹತ್ತಿದ್ದೆ. ದಾರಿಯುದ್ದಕ್ಕೂ ಆ ಕಾಳಗದವರ ಅಮೃತಶಿಲೆಯ ತಲೆಗಳು. ಕೆಲವಕ್ಕೆ ಮೂಗಿಲ್ಲ, ಪಾಚಿ ಹಿಡಿದಿತ್ತು. ಮಮೇಲಿಯ ಅಸ್ಥಿಯಿರುವ ಸ್ಮಾರಕದ ಮುಂದೆ ನಿಂತಿದ್ದಾಗಲೇ ಮಧ್ಯಾಹ್ನ ಹನ್ನೆರಡರ ತೋಪು ಹಾರಿತು. ಅಲ್ಲಿ ದಿನವೂ ಹಾರಿಸುತ್ತಾರೆ, ನನಗೆ ಗೊತ್ತಿರಲಿಲ್ಲ. ಎದೆ ಝಲ್ಲೆಂದಿತು. ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗರದೂ ಹೆಚ್ಚುಕಡಿಮೆ ಇದೇ ವಯಸ್ಸಲ್ಲವೇ ಎನಿಸಿ ಕಣ್ಣು ತುಂಬಿತು.

ನನ್ನನ್ನು ಕಾಡುವುದು ಮುಂದಿನ ಕಥೆ. ಹಾಡು ಎಲ್ಲರ ಬಾಯಲ್ಲಿತ್ತು, ಆದರೆ ಬರೆದವನು ಗಣರಾಜ್ಯವಾದಿ. ಹಾಗಾಗಿ 1861ರ ಇಟಲಿ ತನ್ನ ಗೀತೆಯಾಗಿ ರಾಜನ ಮೆರವಣಿಗೆಯ ವಾದ್ಯವನ್ನೇ ಇಟ್ಟುಕೊಂಡಿತು. ರಾಜ ಹೋದ ಮೇಲೆ, 1946ರ ಅಕ್ಟೋಬರ್‌ನಲ್ಲಿ, ಮಮೇಲಿಯ ಹಾಡನ್ನು ‘ಸದ್ಯಕ್ಕೆ’ ಎಂದು ಒಪ್ಪಿದರು. ಆ ‘ಸದ್ಯಕ್ಕೆ’ ಎಪ್ಪತ್ತು ವರ್ಷ ದಾಟಿತು. ಕಾನೂನಿನ ಮುದ್ರೆ ಬಿದ್ದದ್ದು 2017ರ ಡಿಸೆಂಬರ್ 4ಕ್ಕೆ. ಬರೆದು ನೂರೆಪ್ಪತ್ತು ವರ್ಷ!

ಪ್ರಶ್ನೆ: ಗಾಂಧೀಜಿ ಇಟಲಿಯ ಏಕೀಕರಣವನ್ನು ಮೆಚ್ಚಿರಲಿಲ್ಲವೇ?
– ನಿವೃತ್ತ ನೌಕರ, ಮೈಸೂರು

ಏಕೀಕರಣದ ಕನಸು ಕಂಡ ಗಣರಾಜ್ಯವಾದಿ ಮಾಜಿನಿಯನ್ನು ಮೆಚ್ಚಿದ್ದರು, ಆದ ಕೆಲಸವನ್ನು ಮೆಚ್ಚಲಿಲ್ಲ. 1909ರ ‘ಹಿಂದ್ ಸ್ವರಾಜ್’ನಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಪ್ರತಿಯೊಬ್ಬನೂ ತನ್ನನ್ನು ತಾನು ಆಳಿಕೊಳ್ಳುವುದನ್ನು ಕಲಿಯಬೇಕೆಂಬುದು ಮಾಜಿನಿಯ ಆಸೆ, ಅದು ಇಟಲಿಯಲ್ಲಿ ಈಡೇರಿಲ್ಲ ಎಂದರು. ವಿಕ್ಟರ್ ಇಮ್ಯಾನುಯೆಲ್‌ಗೆ ಇಟಲಿ ಎಂದರೆ ಇಟಲಿಯ ರಾಜ, ರೈತನ ಪಾಡು ಇದ್ದಲ್ಲೇ ಇದೆ ಎಂಬುದು ಅವರ ತಕರಾರು. ನಾನು ಗಾಂಧೀಜಿಯ ಪಕ್ಷ.

ಮಾಜಿನಿಯ ಬದುಕೇ ಇದಕ್ಕೆ ಸಾಕ್ಷಿ. ದೇಶ ಒಂದಾಗಬೇಕೆಂದು 1831ರಲ್ಲೇ ‘ಯುವ ಇಟಲಿ’ ಕಟ್ಟಿದವನು. 1866ರಲ್ಲಿ ಮೆಸ್ಸಿನಾದ ಜನ ಸಂಸತ್ತಿಗೆ ಆರಿಸಿದರೆ, ತಲೆಯ ಮೇಲಿದ್ದ ಹಳೆಯ ಮರಣದಂಡನೆಯ ನೆಪದಲ್ಲಿ ಆಯ್ಕೆಯನ್ನೇ ರದ್ದು ಮಾಡಿದರು. 1870ರಲ್ಲಿ ರೋಮು ಇಟಲಿಯದಾಗುವಾಗ ಅವನು ಗಯೇಟಾ ಕೋಟೆಯಲ್ಲಿ ಸೆರೆಯಾಳು. ಎರಡು ವರ್ಷದ ಬಳಿಕ ಪೀಸಾದ ಪರಿಚಿತರ ಮನೆಯಲ್ಲಿ ಪ್ರಾಣ ಬಿಟ್ಟಾಗಲೂ ಅವನು ಅಲ್ಲಿದ್ದದ್ದು ಸ್ವಂತ ಹೆಸರಿನಲ್ಲಲ್ಲ, ‘ಡಾಕ್ಟರ್ ಬ್ರೌನ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ.