8086 ಲ್ಯಾಬ್ ಮತ್ತು ಪ್ರೊಸೆಸರ್ ವಿನ್ಯಾಸ: ಎರಡನ್ನೂ ಕೂಡಿಸಿ ಓದುವ ಬಗೆ

ಲ್ಯಾಬ್‌ನಲ್ಲಿ ಇನ್ನೂ ಇಂಟೆಲ್‌ನ ಹಳೆಯ ಪ್ರೊಸೆಸರ್ ಆದ 8086ರ ಅಸೆಂಬ್ಲಿಯನ್ನೇ (ಪ್ರೊಸೆಸರ್‌ನ ಇನ್‌ಸ್ಟ್ರಕ್ಷನ್‌ಗಳನ್ನು, ಎಂದರೆ ಆಜ್ಞೆಗಳನ್ನು, ನೇರವಾಗಿ ಬರೆಯುವ ಭಾಷೆ) ಮಾಡಿಸುತ್ತಾರೆ, ಅದರಿಂದ ಉಪಯೋಗವಿದೆಯೇ, ಪ್ರೊಸೆಸರ್ ವಿನ್ಯಾಸ ಕಲಿಯಲು ಎಲ್ಲಿಂದ ಆರಂಭಿಸಬೇಕು, ಎಫ್‌ಪಿಜಿಎ ಬೋರ್ಡ್ (ನಮ್ಮ ವಿನ್ಯಾಸವನ್ನೇ ತುಂಬಿ ಓಡಿಸಬಹುದಾದ ಚಿಪ್ ಇರುವ ಬೋರ್ಡ್) ಕೊಳ್ಳಬೇಕೇ ಎಂದು ನೀವು ಕೇಳಿದ್ದೀರಿ. ಎರಡನೇ ವರ್ಷದಲ್ಲೇ ಈ ಪ್ರಶ್ನೆ ಬಂದಿರುವುದು ಒಳ್ಳೆಯದೇ.

8086 ಹೊರಬಂದದ್ದು 1978ರಲ್ಲಿ. ಫ್ಲ್ಯಾಗ್, ಸ್ಟ್ಯಾಕ್, ಇಂಟರಪ್ಟ್ ಎಂದರೇನು ಎಂಬುದನ್ನು ಅದು ಇಂದಿಗೂ ಚೆನ್ನಾಗಿಯೇ ಕಲಿಸುತ್ತದೆ. ಹಾಗಾಗಿ ಪರೀಕ್ಷೆಗೆ ಬೇಕಾದಷ್ಟನ್ನು ಬೇಸರಿಸದೆ ಓದಿ. ಆದರೆ ಅದನ್ನೇ ಹಾರ್ಡ್‌ವೇರ್ ವಿವರಿಸುವ ಭಾಷೆಯಾದ ವೆರಿಲಾಗ್‌ನಲ್ಲಿ ಕಟ್ಟಲು ಹೊರಡಬೇಡಿ. ಅದರ ಇನ್‌ಸ್ಟ್ರಕ್ಷನ್‌ಗಳ ಉದ್ದ 1 ಬೈಟ್‌ನಿಂದ 6 ಬೈಟ್‌ವರೆಗೆ ಬದಲಾಗುವುದರಿಂದ, ಅವನ್ನು ಬಿಡಿಸಿ ಓದುವ ಡಿಕೋಡರ್ ಬರೆಯುವಷ್ಟರಲ್ಲೇ ಸೆಮಿಸ್ಟರ್ ಮುಗಿದಿರುತ್ತದೆ. ಕಟ್ಟುವುದಕ್ಕೆ ರಿಸ್ಕ್-ಫೈವ್ (RISC-V) ಎಂಬ ಇನ್‌ಸ್ಟ್ರಕ್ಷನ್ ಸೆಟ್, ಎಂದರೆ ಪ್ರೊಸೆಸರ್ ಪಾಲಿಸಬೇಕಾದ ಇನ್‌ಸ್ಟ್ರಕ್ಷನ್‌ಗಳ ಪಟ್ಟಿಯನ್ನು ಆರಿಸಿಕೊಳ್ಳಿ. 2010ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಈ ವಿನ್ಯಾಸದ 32 ಬಿಟ್ ಮೂಲ ರೂಪದಲ್ಲಿ ಇರುವುದು 40 ಇನ್‌ಸ್ಟ್ರಕ್ಷನ್‌ಗಳು ಮಾತ್ರ, ಎಲ್ಲವೂ 32 ಬಿಟ್ ಉದ್ದದವು, ಬಳಸಲು ಲೈಸೆನ್ಸ್ ಶುಲ್ಕವೂ ಇಲ್ಲ. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಇದರ ಮೇಲೆಯೇ ನಿಂತಿವೆ.

ನನ್ನ ಮುಖ್ಯ ಸಲಹೆ ಏನೆಂದರೆ, ಅಸೆಂಬ್ಲಿಯನ್ನೂ ವಿನ್ಯಾಸವನ್ನೂ ಎರಡು ವಿಷಯಗಳೆಂದು ಬೇರೆ ಬೇರೆ ನೋಟ್‌ಬುಕ್ಕಿನಲ್ಲಿ ಇಡಬೇಡಿ. ನೀವೇ ಬರೆದ ಅಸೆಂಬ್ಲಿ ಪ್ರೋಗ್ರಾಂ ನೀವೇ ಕಟ್ಟಿದ ಪ್ರೊಸೆಸರ್ ಮೇಲೆ ಓಡಬೇಕು. ಮೊದಲು ರಿಸ್ಕ್-ಫೈವ್ ಪ್ರೊಸೆಸರನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ರೈಪ್ಸ್ (Ripes) ಸಿಮ್ಯುಲೇಟರ್‌ನಲ್ಲಿ ಅರೇ ಮೊತ್ತ, ಸ್ಟ್ರಿಂಗ್ ಉದ್ದದಂಥ ಸಣ್ಣ ಪ್ರೋಗ್ರಾಂಗಳನ್ನು ಬರೆಯಿರಿ, ಬಳಿಕ ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಬಳಸಿ ಫ್ಯಾಕ್ಟೋರಿಯಲ್ ಬರೆಯಿರಿ. ಮರಳುವ ವಿಳಾಸವನ್ನು ಸ್ಟ್ಯಾಕಿನಲ್ಲಿ ಏಕೆ ಉಳಿಸಬೇಕು ಎಂಬುದು ಆ ಕೊನೆಯ ಪ್ರೋಗ್ರಾಂ ಕೆಡದೆ ತಿಳಿಯುವುದಿಲ್ಲ.

ನಂತರ ಸಿಂಗಲ್-ಸೈಕಲ್ ಪ್ರೊಸೆಸರ್, ಎಂದರೆ ಪ್ರತಿ ಇನ್‌ಸ್ಟ್ರಕ್ಷನನ್ನು ಒಂದೇ ಕ್ಲಾಕ್ ಸೈಕಲ್‌ನಲ್ಲಿ ಮುಗಿಸುವಂಥದ್ದನ್ನು, ಕಟ್ಟಿ. ರಿಜಿಸ್ಟರ್ ಫೈಲ್ (ಬೆಲೆಗಳನ್ನು ಇಡುವ ರಿಜಿಸ್ಟರ್‌ಗಳ ಗುಂಪು), ಎಎಲ್‌ಯು (ಲೆಕ್ಕ ಮಾಡುವ ಭಾಗ) ಇವು ಸುಲಭ. ಹೆಚ್ಚು ತಪ್ಪುಗಳು ಅಡಗುವುದು ಇಮ್ಮೀಡಿಯೆಟ್ ಭಾಗದಲ್ಲಿ, ಎಂದರೆ ಇನ್‌ಸ್ಟ್ರಕ್ಷನ್‌ನೊಳಗೇ ಬರೆದಿರುವ ಸಂಖ್ಯೆಯಲ್ಲಿ. ಆಡ್-ಐ ಇನ್‌ಸ್ಟ್ರಕ್ಷನ್ ಹೊರಬಲ್ಲ ಸಂಖ್ಯೆ 12 ಬಿಟ್‌ನದು, ಚಿಹ್ನೆಸಹಿತ, ಎಂದರೆ -2048ರಿಂದ 2047ರವರೆಗೆ. ಹೆಕ್ಸ್ 12345900 ಎಂಬ ಸಂಖ್ಯೆಯನ್ನು ರಿಜಿಸ್ಟರಿಗೆ ತುಂಬಬೇಕಾದರೆ ಮೇಲಿನ 20 ಬಿಟ್‌ಗೆ 12345 ಹಾಕಿ ಕೆಳಗೆ 900 ಕೂಡಿಸಿದರಾಯಿತು ಎಂದು ತೋರುತ್ತದೆ. ಆದರೆ ಹೆಕ್ಸ್ 900 ಈ 12 ಬಿಟ್‌ಗಳಲ್ಲಿ ಋಣ ಸಂಖ್ಯೆಯಾಗುತ್ತದೆ. ಆದ್ದರಿಂದ ಮೇಲೆ 12346 ಹಾಕಿ ಅದರಿಂದ ಹೆಕ್ಸ್ 700 ಕಳೆಯಬೇಕು. ಅಸೆಂಬ್ಲರ್ ಇದನ್ನು ಸದ್ದಿಲ್ಲದೆ ಮಾಡಿಕೊಡುವುದರಿಂದ, ಹಾರ್ಡ್‌ವೇರ್ ಕಟ್ಟದವರಿಗೆ ಇದು ಕಣ್ಣಿಗೆ ಬೀಳುವುದೇ ಅಪರೂಪ.

ಐದು ಹಂತದ ಪೈಪ್‌ಲೈನ್‌ಗೆ (ಒಂದು ಇನ್‌ಸ್ಟ್ರಕ್ಷನ್ ಮುಗಿಯುವ ಮುನ್ನವೇ ಮುಂದಿನದನ್ನು ಆರಂಭಿಸುವ ವಿನ್ಯಾಸಕ್ಕೆ) ಬಂದಾಗ ಅದೇ ಅರೇ ಮೊತ್ತದ ಲೂಪನ್ನು ಮತ್ತೆ ತೆಗೆಯಿರಿ. ಅದರಲ್ಲಿ ಐದು ಇನ್‌ಸ್ಟ್ರಕ್ಷನ್‌ಗಳಿವೆ ಎಂದುಕೊಳ್ಳಿ: ಮೆಮೊರಿಯಿಂದ ಲೋಡ್, ಮೊತ್ತಕ್ಕೆ ಆಡ್, ವಿಳಾಸಕ್ಕೆ 4 ಸೇರಿಸುವುದು, ಎಣಿಕೆಯಿಂದ 1 ಕಳೆಯುವುದು, ಶೂನ್ಯವಾಗದಿದ್ದರೆ ಲೂಪಿನ ಮೊದಲಿಗೆ ಹಾರುವ ಬ್ರಾಂಚ್. ಫಾರ್ವರ್ಡಿಂಗ್ (ಫಲಿತಾಂಶವನ್ನು ರಿಜಿಸ್ಟರಿಗೆ ಬರೆಯುವ ಮೊದಲೇ ಮುಂದಿನ ಇನ್‌ಸ್ಟ್ರಕ್ಷನ್‌ಗೆ ಕೊಡುವುದು) ಇದ್ದರೂ ಲೋಡ್ ಆದ ತಕ್ಷಣವೇ ಆಡ್ ಬಂದರೆ ಒಂದು ಸೈಕಲ್ ಕಾಯಲೇಬೇಕು. ಬ್ರಾಂಚ್ ಮೂರನೇ ಹಂತದಲ್ಲಿ ತೀರ್ಮಾನವಾಗುವ, ಬ್ರಾಂಚ್ ಆಗುವುದಿಲ್ಲ ಎಂದು ಊಹಿಸುವ ವಿನ್ಯಾಸದಲ್ಲಿ ಪ್ರತಿ ಸುತ್ತಿಗೆ ಇನ್ನೆರಡು ಸೈಕಲ್ ವ್ಯರ್ಥವಾಗುತ್ತವೆ. ಹೀಗೆ ಒಂದು ಸುತ್ತಿಗೆ 8 ಸೈಕಲ್. ವಿಳಾಸಕ್ಕೆ 4 ಸೇರಿಸುವ ಸಾಲನ್ನು ಲೋಡ್ ಮತ್ತು ಆಡ್ ನಡುವೆ ಸರಿಸಿದರೆ ಸಾಕು, ಫಲಿತಾಂಶ ಬದಲಾಗದೆ 7 ಸೈಕಲ್‌ಗೆ ಇಳಿಯುತ್ತದೆ. ಕಂಪೈಲರ್‌ಗಳು ಇನ್‌ಸ್ಟ್ರಕ್ಷನ್‌ಗಳ ಕ್ರಮವನ್ನು ಏಕೆ ಅದಲುಬದಲು ಮಾಡುತ್ತವೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ವೈವಾದಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸುವುದು, ಪೈಪ್‌ಲೈನ್ ಹೀಗೆ ಕಾಯುವಂತೆ ಮಾಡುವ ಹಜಾರ್ಡ್‌ಗಳ ವ್ಯಾಖ್ಯೆ ಒಪ್ಪಿಸುವುದಕ್ಕಿಂತ ಎಷ್ಟೋ ಮೇಲು.

ಫಾರ್ವರ್ಡಿಂಗ್ ಬರೆಯುವಾಗ ಸೊನ್ನೆಯ ರಿಜಿಸ್ಟರನ್ನು ಹೊರಗಿಡಿ. ಅದರೊಳಗೆ ಏನು ಬರೆದರೂ ಬೆಲೆ ಶೂನ್ಯವೇ ಆಗಿರಬೇಕಾದರೂ, ಫಾರ್ವರ್ಡಿಂಗ್ ದಾರಿ ಅದನ್ನು ಲೆಕ್ಕಿಸದೆ ಬೇರೆ ಬೆಲೆಯನ್ನು ಮುಂದಕ್ಕೆ ಸಾಗಿಸಿಬಿಡಬಹುದು. ಕ್ಲಾಕ್‌ಗೆ ಬದಲಾಗುವ ರಿಜಿಸ್ಟರ್‌ಗಳಿಗೆ ವೆರಿಲಾಗ್‌ನ ನಾನ್‌ಬ್ಲಾಕಿಂಗ್ ಅಸೈನ್‌ಮೆಂಟ್ (ಎಲ್ಲ ಬೆಲೆಗಳೂ ಒಟ್ಟಿಗೇ ಬದಲಾಗುವ ಬಗೆ) ಮಾತ್ರ ಬಳಸಿ. ಪ್ರತಿ ಇನ್‌ಸ್ಟ್ರಕ್ಷನ್ ಮುಗಿದ ಮೇಲೆ ನಿಮ್ಮ ಪ್ರೊಸೆಸರ್ ಯಾವ ರಿಜಿಸ್ಟರಿಗೆ ಏನು ಬರೆಯಿತು ಎಂಬುದನ್ನು ಸಿಮ್ಯುಲೇಟರ್‌ನ ದಾಖಲೆಯೊಂದಿಗೆ ಸಾಲುಸಾಲಾಗಿ ಹೋಲಿಸಿ; ಎರಡೂ ಮೊದಲು ಬೇರೆಯಾಗುವ ಸಾಲಿನಲ್ಲೇ ದೋಷ ಸಾಮಾನ್ಯವಾಗಿ ಸಿಗುತ್ತದೆ. ಈ ಹೋಲಿಕೆ ಪೂರ್ತಿ ಹೊಂದುವವರೆಗೂ ಕ್ಯಾಶ್, ಬ್ರಾಂಚ್ ಪ್ರೆಡಿಕ್ಷನ್ ಮುಂತಾದವುಗಳ ಗೊಡವೆಗೆ ಹೋಗಬೇಡಿ.

ಬೋರ್ಡ್‌ಗೆ ಈಗಲೇ ಹಣ ಹಾಕುವುದು ಬೇಡ. ವೆರಿಲಾಗ್ ವಿನ್ಯಾಸವನ್ನು ಓಡಿಸಿ ನೋಡುವ ವೆರಿಲೇಟರ್, ಅದರ ಸಿಗ್ನಲ್‌ಗಳನ್ನು ತೋರಿಸುವ ಜಿಟಿಕೆವೇವ್ ಎರಡೂ ಉಚಿತ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತವೆ. ವಿನ್ಯಾಸವನ್ನು ಚಿಪ್ಪಿಗೆ ಹೊಂದಿಸುವ ಯೋಸಿಸ್ ಮತ್ತು ನೆಕ್ಸ್ಟ್‌ಪಿಎನ್‌ಆರ್ ಸಾಫ್ಟ್‌ವೇರ್‌ಗಳನ್ನು ಬಳಸಿದರೆ ಐಸ್40 ಎಂಬ ಎಫ್‌ಪಿಜಿಎ ಚಿಪ್ಪಿನಲ್ಲಿ ನಿಮ್ಮ ವಿನ್ಯಾಸ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ಮೆಗಾಹರ್ಟ್ಸ್‌ಗೆ ಓಡಬಲ್ಲದು ಎಂಬ ಅಂದಾಜು ಬೋರ್ಡ್ ಇಲ್ಲದೆಯೂ ಸಿಗುತ್ತದೆ. ಆ ವರದಿಯಲ್ಲಿ ಅತಿ ನಿಧಾನದ ದಾರಿ ಯಾವುದೆಂದು ನೋಡಿ ಅದನ್ನು ಒಮ್ಮೆ ಸರಿಪಡಿಸಿದ ಮೇಲೆ ಬೋರ್ಡ್ ಕೊಂಡರೆ, ಯಾವ ಗಾತ್ರದ್ದು ಬೇಕು ಎಂಬುದೂ ನಿಮಗೇ ಗೊತ್ತಿರುತ್ತದೆ.